ಬರವಣಿಗೆ ಕಲಿಸುವವರು ಬೇಕಾಗಿದ್ದಾರೆ

ಗಜೇಂದ್ರಗಡ, ರೋಣ, ನರೇಗಲ್ಲ ಕಡೆ ಕನ್ನಡ ಐಚ್ಛಿಕ ತೆಗೆದುಕೊಂಡು ಬಿ.ಎ. ಓದುತ್ತಿರುವ ಹುಡುಗ ಹುಡುಗಿಯರಿಗೆ ಮನೆಯಲ್ಲಿ ಎದುರಾಗುವ ಪ್ರಶ್ನೆ ಒಂದೇ: "ಇದನ್ನ ಓದಿ ಮುಂದ ಏನ್ ಮಾಡಾವ್ರು?" ಉತ್ತರವನ್ನೂ ಮನೆಯವರೇ ಕೊಟ್ಟುಬಿಡುತ್ತಾರೆ. ಬಿ.ಎಡ್. ಮಾಡಿ ಮಾಸ್ತರಿಕೆ ಹಿಡಿ, ಆಗಲಿಲ್ಲವೇ ಪಿಡಿಒ ಪರೀಕ್ಷೆಗೆ ಕೂಡು, ಅದೂ ಆಗಲಿಲ್ಲವೇ ಎಫ್‌ಡಿಎ, ಎಸ್‌ಡಿಎ. ಈ ಹೊತ್ತು ನಾನು ಹೇಳಬೇಕೆಂದಿರುವುದು ಈ ಪಟ್ಟಿಗೆ ಯಾರೂ ಸೇರಿಸದ ಇನ್ನೊಂದು ಕೆಲಸದ ವಿಷಯ. ಬರೆಯುವುದನ್ನು ಕಲಿಸುವುದು, ಬರವಣಿಗೆಯ ತರಗತಿಗಳನ್ನೂ ಕಮ್ಮಟಗಳನ್ನೂ ಕಟ್ಟಿ ನಡೆಸುವುದು. ತಾನು ಬರೆದು ಹೆಸರು ಮಾಡುವ ದಾರಿ ಬೇರೆ. ಇದು ಇನ್ನೊಬ್ಬರ ಕೈಯಲ್ಲಿ ಬರೆಸುವ ಕೆಲಸ.

ಗದಗ ಸೀಮೆಗೆ ಈ ಕೆಲಸ ಹೊಸದೇನಲ್ಲ. ಗದಗಿನ ಹತ್ತಿರದ ಹೊಂಬಳ ಎಂಬ ಊರನ್ನು ನೋಡಿ. ಆ ಒಂದೇ ಊರಿನಿಂದ ಇಬ್ಬರು ಬಂದರು, ಜಿ.ಬಿ. ಜೋಶಿ ಮತ್ತು ಚೆನ್ನವೀರ ಕಣವಿ. ಜಡಭರತ ಎಂಬ ಹೆಸರಿನಿಂದ ನಾಟಕ ಬರೆದ ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆ ಕಟ್ಟಿದರು. ಚಂದಾದಾರರಿಂದ ವರ್ಷಕ್ಕಿಷ್ಟು ಎಂದು ಹಣ ಕೂಡಿಸಿ, ವರ್ಷಕ್ಕಿಷ್ಟು ಪುಸ್ತಕ ಕೊಡುವ ಏರ್ಪಾಡು. ಕೆಲಸ ನಡೆಯುತ್ತಿದ್ದದ್ದು ಸುಭಾಸ ರಸ್ತೆಯ ಒಂದು ಅಟ್ಟದಲ್ಲಿ. 'ಅಟ್ಟ' ಎಂದರೆ ಸಾಕು, ಧಾರವಾಡದ ಸಾಹಿತ್ಯ ಬಲ್ಲವರಿಗೆ ಯಾವ ಅಟ್ಟ ಎಂದು ಹೇಳಬೇಕಾಗಿಲ್ಲ. ಜೋಶಿಯವರಿಗೆ ಅಲ್ಲಿ ಜೊತೆಯಾದವರು ವಿಮರ್ಶಕ ಕೀರ್ತಿನಾಥ ಕುರ್ತಕೋಟಿ. ಅವರೂ ಗದಗಿನವರೇ. ಹೊಟ್ಟೆಪಾಡಿಗೆ ದೂರದ ಗುಜರಾತಿನ ವಲ್ಲಭ ವಿದ್ಯಾನಗರದಲ್ಲಿ ಇಂಗ್ಲಿಷ್ ಕಲಿಸಿದವರು. ಜೀವ ಮಾತ್ರ ಧಾರವಾಡದ ಹಸ್ತಪ್ರತಿಗಳ ನಡುವೆ ಇತ್ತು.

ಆ ಅಟ್ಟದಲ್ಲಿ ಯಾರೂ ಬರವಣಿಗೆಯ ತರಗತಿ ನಡೆಸಲಿಲ್ಲ, ಯಾರಿಗೂ ಪ್ರಮಾಣಪತ್ರ ಕೊಡಲಿಲ್ಲ. ನಡೆದದ್ದು ಇಷ್ಟು: ಒಬ್ಬ ಹುಡುಗ ಬರೆದದ್ದನ್ನು ತಂದು ಕೊಡುತ್ತಾನೆ, ಇಬ್ಬರು ಹಿರಿಯರು ಅದನ್ನು ಪೂರ್ತಿ ಓದುತ್ತಾರೆ, ಆಮೇಲೆ ಎದುರಿಗೆ ಕೂಡಿಸಿಕೊಂಡು ಮಾತಾಡುತ್ತಾರೆ. ಗಿರೀಶ ಕಾರ್ನಾಡರ ಮೊದಲ ನಾಟಕ 'ಯಯಾತಿ' 1961ರಲ್ಲಿ ಅಲ್ಲಿಂದಲೇ ಅಚ್ಚಾಗಿ ಹೊರಬಂತು. ಗಟ್ಟಿಯಾದ ಐತಿಹಾಸಿಕ ನಾಟಕ ನಮ್ಮಲ್ಲಿ ಇಲ್ಲವಲ್ಲ ಎಂದು ಕುರ್ತಕೋಟಿಯವರು ಆಡಿದ ಮಾತು ತಮ್ಮನ್ನು 'ತುಘಲಕ್' ಕಡೆ ತಳ್ಳಿತು ಎಂದು ಕಾರ್ನಾಡರೇ ಹೇಳಿಕೊಂಡಿದ್ದಾರೆ. ಒಬ್ಬ ಓದುಗನ ಒಂದು ಮಾತಿನಿಂದ ಒಂದು ನಾಟಕ ಹುಟ್ಟಿತು! ಆದರೆ ಅಂಥ ಮಾತು ಸುಮ್ಮನೆ ಬಾಯಿಗೆ ಬರುವುದಿಲ್ಲ. ಇಡೀ ಕನ್ನಡ ನಾಟಕ ಪರಂಪರೆಯನ್ನು ಓದಿ ಅರಗಿಸಿಕೊಂಡವರಿಗೆ, ಎದುರಿಗಿರುವ ಹುಡುಗನ ಕಸುವು ಎಷ್ಟೆಂದು ಅಳೆಯಬಲ್ಲವರಿಗೆ ಮಾತ್ರ ಅದು ಬರುತ್ತದೆ. ಬರವಣಿಗೆ ಕಲಿಸುವುದರ ಎತ್ತರ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನಾನು ಆ ಅಟ್ಟದ ಕಡೆ ಕೈ ತೋರಿಸುತ್ತೇನೆ.

ಹೊಂಬಳದ ಇನ್ನೊಬ್ಬರು, ಕಣವಿಯವರು, ಇದೇ ಕೆಲಸವನ್ನು ಸಂಬಳದ ಹುದ್ದೆಯಲ್ಲಿದ್ದುಕೊಂಡು ಮಾಡಿದರು. ಕರ್ನಾಟಕ ವಿಶ್ವವಿದ್ಯಾಲಯದ ಪ್ರಸಾರಾಂಗವನ್ನು ಅವರು 1983ರವರೆಗೆ ದಶಕಗಳ ಕಾಲ ನಡೆಸಿದರು. ಕವಿಯೆಂದು ಅವರನ್ನು ನಾಡೆಲ್ಲ ಬಲ್ಲದು. ಕಚೇರಿಯ ಮೇಜಿನ ಮುಂದೆ ಕುಳಿತು ಅವರು ಮಾಡಿದ ಕೆಲಸವನ್ನು ನೆನೆಯುವವರು ಕಡಿಮೆ. ಪ್ರಸಾರಾಂಗದ ಉಪನ್ಯಾಸ ಗ್ರಂಥಮಾಲೆಯ ಆ ಸಣ್ಣ ಪುಸ್ತಕಗಳು ನಮ್ಮ ಎಷ್ಟೋ ಹಳ್ಳಿ ಗ್ರಂಥಾಲಯಗಳ ಕಪಾಟಿನಲ್ಲಿ ಇದ್ದವು. ಊರೂರಿಗೆ ಪ್ರಾಧ್ಯಾಪಕರನ್ನು ಕಳಿಸಿ ಉಪನ್ಯಾಸ ಕೊಡಿಸುವುದು, ಆ ಮಾತನ್ನು ಅವರಿಂದಲೇ ಸಾಮಾನ್ಯ ಓದುಗರಿಗೆ ತಿಳಿಯುವಂತೆ ಬರೆಸುವುದು, ತಿದ್ದಿಸುವುದು, ಅಚ್ಚಿಗೆ ಕಳಿಸುವುದು. ವಿದ್ವಾಂಸರಿಂದ ಸರಳವಾಗಿ ಬರೆಸುವುದು ಎಂಥ ಕಷ್ಟ ಎಂಬುದು ಸಂಪಾದಕರಾಗಿ ದುಡಿದವರಿಗೇ ಗೊತ್ತು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಕಣವಿಯವರದು ಒಂದು ಬರವಣಿಗೆ ಕಾರ್ಯಕ್ರಮದ ಸಂಯೋಜಕರ ಹುದ್ದೆ.

ಇನ್ನೂ ಹಿಂದಕ್ಕೆ ಹೋದರೆ ಡೆಪ್ಯುಟಿ ಚೆನ್ನಬಸಪ್ಪನವರು ಸಿಗುತ್ತಾರೆ. ಮುಂಬಯಿ ಆಧಿಪತ್ಯದ ಶಾಲೆಗಳಲ್ಲಿ ಮರಾಠಿ ಮೆರೆಯುತ್ತಿದ್ದ ಕಾಲದಲ್ಲಿ ಕನ್ನಡ ಮಾಸ್ತರರನ್ನು ತಯಾರು ಮಾಡಿದವರು, ಅವರಿಗೆ ಬೇಕಾದ ಪುಸ್ತಕಗಳನ್ನು ಬರೆದವರು, ಬರೆಸಿದವರು. ಅವರ ಹುದ್ದೆಯ ಹೆಸರು ಶಿಕ್ಷಣ ಇಲಾಖೆಯ ಡೆಪ್ಯುಟಿ ಇನ್‌ಸ್ಪೆಕ್ಟರ್. ಧಾರವಾಡ ಆಕಾಶವಾಣಿ ನಿಲಯ 1950ರಲ್ಲಿ ಶುರುವಾದ ಮೇಲೆ ಎನ್ಕೆಯವರಂಥ ನಿರ್ಮಾಪಕರೂ ಈ ಸಾಲಿಗೆ ಬಂದರು. ಪುಟಗಟ್ಟಲೆ ವಾಕ್ಯ ಬರೆಯುವ ಪಂಡಿತರಿಂದ ಕಿವಿಗೆ ಹಿಡಿಸುವ ಹತ್ತು ನಿಮಿಷದ ಮಾತನ್ನು ತೆಗೆಸುವುದೂ ಬರವಣಿಗೆ ಕಲಿಸುವುದೇ ತಾನೆ? ಇವರೆಲ್ಲ ಈ ಕೆಲಸವನ್ನು ಬೇರೆ ಬೇರೆ ಹೆಸರಿನ ಕುರ್ಚಿಯಲ್ಲಿ ಕುಳಿತು ಮಾಡಿದರು. ಹಾಗಾಗಿ ಅದೊಂದು ಸ್ವತಂತ್ರ ಕಸುಬು ಎಂದು ನಮಗೆ ತೋರಲೇ ಇಲ್ಲ.

ಈಗ ತರಗತಿಯೊಳಗೆ ಹೋಗೋಣ. ನಮ್ಮ ಶಾಲೆಗಳಲ್ಲಿ ಪ್ರಬಂಧ ಎಂದರೆ ಬಾಯಿಪಾಠ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂದು ಮೂರು ತಲೆಬರಹ. ಗೈಡಿನಲ್ಲಿದ್ದುದೇ ವಹಿಯಲ್ಲಿ, ವಹಿಯಲ್ಲಿದ್ದುದೇ ಉತ್ತರಪತ್ರಿಕೆಯಲ್ಲಿ. ಎಸ್‌ಎಸ್‌ಎಲ್‌ಸಿ ಪ್ರಥಮ ಭಾಷೆಗೆ 125 ಅಂಕ. ಅದರಲ್ಲಿ ಪತ್ರಕ್ಕೂ ಪ್ರಬಂಧಕ್ಕೂ ಸೇರಿ ಸಿಗುವುದು ಸಣ್ಣ ಪಾಲು. ಅಷ್ಟಕ್ಕೆ ಯಾವ ಮಾಸ್ತರರು ತಲೆ ಕೆಡಿಸಿಕೊಂಡಾರು? ನಾನು ಅವರನ್ನು ದೂರುವುದಿಲ್ಲ. ಆದರೆ ಬರೆಯಲು ಕಲಿಸುವುದೆಂದರೆ ಏನೆಂದು ಒಂದು ಉದಾಹರಣೆಯಿಂದಲೇ ಹೇಳುತ್ತೇನೆ.

ಒಮ್ಮೆ ಗಜೇಂದ್ರಗಡದಲ್ಲಿ ಪ್ರೌಢಶಾಲೆಯ ಮಕ್ಕಳ ಜೊತೆ ಕುಳಿತಿದ್ದೆ. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ, ನೇಕಾರರ ಮನೆಯವಳು, 'ನನ್ನ ತಾಯಿ' ಎಂಬ ವಿಷಯದ ಮೇಲೆ ಬರೆದಿದ್ದಳು. ತಾಯಿಯೇ ದೇವರು, ತಾಯಿಯ ಋಣ ತೀರಿಸಲಾಗದು, ನಾನು ನನ್ನ ತಾಯಿಗೆ ದಿನಾಲೂ ಸಹಾಯ ಮಾಡುತ್ತೇನೆ. ತಪ್ಪಿಲ್ಲದ ಬರಹ. ಗುಂಡಗೆ ಮುದ್ದಾದ ಅಕ್ಷರ. ಕೆಂಪು ಪೆನ್ನಿಗೆ ಅಲ್ಲಿ ಕೆಲಸವೇ ಇರಲಿಲ್ಲ. ಆದರೆ ಆ ತಾಯಿ ಯಾರ ತಾಯಿ ಬೇಕಾದರೂ ಆಗಬಹುದಿತ್ತು. ಕೊನೆಯ ವಾಕ್ಯದ ಮೇಲೆ ಬೆರಳಿಟ್ಟು ಕೇಳಿದೆ:

"ಏನ್ ಸಹಾಯ ಮಾಡತೀಯವಾ?"

"ಎಳಿ ಹಚ್ಚತೀನ್ರಿ."

"ಹೆಂಗ ಹಚ್ಚತಿ? ನನಗ ಗೊತ್ತಿಲ್ಲ, ಹೇಳು."

ಅವಳು ಹೇಳತೊಡಗಿದಳು. ಮಗ್ಗದಲ್ಲಿ ಒಂದು ಹಾಸು ಮುಗಿಯುತ್ತ ಬಂದಾಗ ಹಳೆಯ ಎಳೆಗಳ ತುದಿಯನ್ನು ಹಣಿಗೆಯಲ್ಲಿ ಹಾಗೇ ಬಿಟ್ಟಿರುತ್ತಾರೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಒಂದೊಂದು ಎಳೆಗೆ ಸೇರಿಸಿ, ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಹೊಸೆಯಬೇಕು. ಸಾವಿರಾರು ಎಳೆ. ಒಂದು ತಪ್ಪಿದರೆ ಪಟ್ಟೆ ತಪ್ಪುತ್ತದೆ. ಇಷ್ಟು ಹೇಳುವಾಗ ಅವಳ ಬೆರಳುಗಳು ಗಾಳಿಯಲ್ಲಿ ಹೊಸೆಯುತ್ತಲೇ ಇದ್ದವು. "ಈಗ ಹೇಳಿದ್ದನ್ನ ಹಿಂಗ ಬರಿ, ನಿಮ್ಮನ್ಯಾಗ ಮಾತಾಡಿದಂಗ ಬರಿ" ಎಂದೆ. ಬರೆದಳು. ಎರಡನೆಯ ಸಲ ಮಗ್ಗ ಬಂತು, ಅವ್ವ ಬರಲಿಲ್ಲ. "ಎಳಿ ಹಚ್ಚೂವಾಗ ಅವ್ವ ಎಲ್ಲಿರತಾಳ?" ಎಂದು ಕೇಳಿದೆ. ಮೂರನೆಯ ಸಲ ಅವಳು ಬರೆದು ತಂದದ್ದರಲ್ಲಿ ಈ ಎರಡು ವಾಕ್ಯಗಳಿದ್ದವು: "ಅವ್ವನ ಕಣ್ಣು ಮಂಜಾಗ್ಯಾವು. ಕರಿ ಎಳಿ ಬಂದಾಗ ನನ್ನ ಕರೀತಾಳ."

ಪಾಠ ಹೇಳುತ್ತ ಬಂದವನು ನಾನು. ಆ ಎರಡು ವಾಕ್ಯದ ಮುಂದೆ ನನಗೆ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ. ತಾಯಿಯ ಋಣದ ಬಗ್ಗೆ ಮೊದಲ ಬರಹ ಕೂಗಿ ಹೇಳಿದ್ದು ಇಲ್ಲಿ ತಾನಾಗಿ ಬಂದು ಕುಳಿತಿತ್ತು. ಮನೆಯ ಮಾತನ್ನು ಶಾಲೆಯ ಬರಹಕ್ಕೆ ತಿರುಗಿಸುವ ಕೆಲಸ ಆಮೇಲೆ ಸುಲಭವಾಗಿಯೇ ಆಯಿತು. "ಕರೀತಾಳ" ಎಂಬುದು "ಕರೆಯುತ್ತಾಳೆ" ಆಗಲು ಎಷ್ಟು ಹೊತ್ತು ಬೇಕು? ನಮ್ಮ ಶಾಲೆಗಳು ಇದನ್ನು ತಲೆಕೆಳಗು ಮಾಡುತ್ತವೆ. ಮೊದಲ ವಾಕ್ಯದಿಂದಲೇ ಗ್ರಂಥಸ್ಥ ರೂಪ ಬೇಡುತ್ತವೆ. ಮಗು ಆ ರೂಪವನ್ನು ಹುಡುಕುವ ಗಡಿಬಿಡಿಯಲ್ಲಿ ಹೇಳಬೇಕಾದ್ದನ್ನು ಕಳೆದುಕೊಳ್ಳುತ್ತದೆ. ಬೇರೆ ಎಲ್ಲ ಕಡೆ ಏನೇ ಇರಲಿ, ಉತ್ತರ ಕರ್ನಾಟಕದ ಮಕ್ಕಳಿಗೆ ಮೊದಲ ಕರಡು ಮನೆಯ ಮಾತಿನಲ್ಲೇ ಇರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಈಗ ಲೆಕ್ಕ ಹಾಕಿ. ಒಂದು ತರಗತಿಯಲ್ಲಿ 60 ಮಕ್ಕಳು. ಒಬ್ಬೊಬ್ಬರ ಒಂದು ಪುಟ ಓದಿ ಒಂದು ಒಳ್ಳೆಯ ಪ್ರಶ್ನೆ ಕೇಳಲು 5 ನಿಮಿಷವೆಂದರೂ 300 ನಿಮಿಷ, ಅಂದರೆ 5 ತಾಸು. ಮೂರು ಕರಡಿಗೆ 15 ತಾಸು. ಇದು ಒಂದು ವಿಷಯ, ಒಂದು ತರಗತಿ. ಜನಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ ಎಲ್ಲವನ್ನೂ ಹೊತ್ತ ಮಾಸ್ತರರು ಈ ತಾಸುಗಳನ್ನು ಎಲ್ಲಿಂದ ತರಬೇಕು? ಸಂಯೋಜಕ ಬೇಕಾಗುವುದು ಇಲ್ಲಿಯೇ. ತರಗತಿಯನ್ನು ಗುಂಪುಗಳಾಗಿ ಒಡೆಯುವುದು, ಯಾವ ವಾರ ಯಾವ ಗುಂಪಿನ ಬರಹ ಯಾರು ಓದಬೇಕೆಂದು ಗೊತ್ತುಪಡಿಸುವುದು, ಮಕ್ಕಳು ಒಬ್ಬರ ಬರಹವನ್ನು ಒಬ್ಬರು ಓದಿ ಏನು ಕೇಳಬೇಕೆಂದು ಕಲಿಸುವುದು, ಹೊಸ ಶಿಕ್ಷಕರನ್ನು ಪಕ್ಕದಲ್ಲಿ ಕೂಡಿಸಿಕೊಂಡು ಒಂದೇ ಬರಹಕ್ಕೆ ಇಬ್ಬರೂ ಟಿಪ್ಪಣಿ ಬರೆದು ಹೋಲಿಸಿ ನೋಡುವುದು, ಮುಖ್ಯೋಪಾಧ್ಯಾಯರಿಂದ ಒಂದು ಪಿರಿಯಡ್ಡು ಬಿಡಿಸಿಕೊಳ್ಳುವುದು, ಕಾಗದ, ಝೆರಾಕ್ಸಿಗೆ ದುಡ್ಡು ಹೊಂದಿಸುವುದು, ವರ್ಷದ ಕೊನೆಗೆ ಮಕ್ಕಳ ಬರಹದ ಒಂದು ಸಣ್ಣ ಪುಸ್ತಕ ತರುವುದು. ಇದರಲ್ಲಿ ಅರ್ಧ ಸಾಹಿತ್ಯ, ಅರ್ಧ ಮದುವೆ ಮನೆಯ ಹಿರಿತನ. ಎರಡೂ ಬಂದವರಿಗೇ ಈ ಹುದ್ದೆ ಒಗ್ಗುತ್ತದೆ. ಒಳ್ಳೆಯ ಕವಿಗಳೆಲ್ಲ ಒಳ್ಳೆಯ ಸಂಯೋಜಕರಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ.

ಹೊರದೇಶದಲ್ಲಿ ಇದು ದೊಡ್ಡ ಉದ್ಯೋಗವಾಗಿ ಬೆಳೆದಿದೆ. ಅಮೆರಿಕದ ಹಾರ್ವರ್ಡ್‌ನಲ್ಲಿ 19ನೆಯ ಶತಮಾನದ ಕೊನೆಯ ಹೊತ್ತಿಗೆ ಕಾಲೇಜಿನ ಮೊದಲ ವರ್ಷದವರಿಗೆಲ್ಲ ಬರವಣಿಗೆಯ ಪಾಠ ಕಡ್ಡಾಯವಾಯಿತು. ಉಳಿದ ಕಾಲೇಜುಗಳೂ ಅದೇ ದಾರಿ ಹಿಡಿದವು. ಇಂಜಿನಿಯರಿಂಗ್ ಓದಲು ಬಂದವರೂ ಅಲ್ಲಿ ಸಾಮಾನ್ಯವಾಗಿ ಬರೆಯಲು ಕಲಿಯಬೇಕು. ಆ ಪಾಠ ಹೇಳುವವರು, ಅವರ ಮೇಲ್ವಿಚಾರಣೆ ನಡೆಸುವ ಸಂಯೋಜಕರು, ಅವರಿಗೆ ಸಂಘ, ಪತ್ರಿಕೆ, ಸಮ್ಮೇಳನ ಎಲ್ಲವೂ ಇವೆ. ಅಯೋವಾ ವಿಶ್ವವಿದ್ಯಾಲಯ 1936ರಲ್ಲಿ ಸೃಜನಶೀಲ ಬರವಣಿಗೆಗೆ ತನ್ನದೇ ಕಾರ್ಯಾಗಾರ ತೆರೆಯಿತು, 1967ರಲ್ಲಿ ಬೇರೆ ಬೇರೆ ದೇಶಗಳ ಲೇಖಕರನ್ನು ಕರೆಸಿಕೊಳ್ಳುವ ಕಾರ್ಯಕ್ರಮ ಶುರುಮಾಡಿತು. ನಮ್ಮ ವಿವೇಕ ಶಾನಭಾಗರು 2016ರಲ್ಲಿ ಅಲ್ಲಿಗೆ ಹೋಗಿಬಂದರು. 'ದೇಶಕಾಲ' ಪತ್ರಿಕೆ ನಡೆಸಿ ಎಷ್ಟೋ ಹೊಸ ಕನ್ನಡ ಲೇಖಕರನ್ನು ಕೈಹಿಡಿದ ಅವರು ಅಶೋಕ ವಿಶ್ವವಿದ್ಯಾಲಯದಲ್ಲಿ ಸೃಜನಶೀಲ ಬರವಣಿಗೆ ಕಲಿಸಿದ್ದಾರೆ. ಕನ್ನಡದ ಕಥೆಗಾರನೊಬ್ಬ ಬರವಣಿಗೆಯ ಪಾಠ ಹೇಳುವುದು ಹೀಗೆ ಆಗಲೇ ನಡೆದುಹೋಗಿದೆ.

ಅಮೆರಿಕದ ಕಥೆಯಲ್ಲಿ ಇನ್ನೊಂದು ಮಗ್ಗುಲಿದೆ. ಮೊದಲ ವರ್ಷದ ಬರವಣಿಗೆ ಕಲಿಸುವವರಲ್ಲಿ ಬಹಳಷ್ಟು ಜನ ಅರೆಕಾಲಿಕರು. ಅವಧಿಗೆ ಇಷ್ಟು ಎಂದು ಕೂಲಿ, ಮುಂದಿನ ವರ್ಷ ಇರುತ್ತೇವೋ ಇಲ್ಲವೋ ಗೊತ್ತಿಲ್ಲ. ನಮ್ಮ ಸರಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರ ಪಾಡು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಾವಿರಾರು ಜನ ಹಾಗೆ ವರ್ಷಗಟ್ಟಲೆ ದುಡಿಯುತ್ತಿದ್ದಾರೆ. ಕೂತು ಓದುವ, ಮತ್ತೆ ಬರೆಸುವ ಕೆಲಸ ತಾಳ್ಮೆಯದು. ಮುಂದಿನ ಜೂನಿನಲ್ಲಿ ತಾನಿರುತ್ತೇನೋ ಇಲ್ಲವೋ ಎಂಬ ಚಿಂತೆಯಲ್ಲಿ ಇರುವವರಿಂದ ಆ ತಾಳ್ಮೆಯನ್ನು ಪುಕ್ಕಟೆಯಾಗಿ ನಿರೀಕ್ಷಿಸುವುದು ಅನ್ಯಾಯ. ಬರವಣಿಗೆಯ ಶಿಕ್ಷಕ ಬೇಕೆನ್ನುವ ಸಂಸ್ಥೆ ಮೊದಲು ಅವನ ಸಂಬಳದ ಮಾತಾಡಬೇಕು.

ಹಾಗಾದರೆ ನಮ್ಮಲ್ಲಿ ಅವಕಾಶ ಎಲ್ಲಿದೆ? ಶಾಲೆಯ ಹುದ್ದೆಗೆ ಡಿ.ಇಎಲ್.ಇಡಿ. ಅಥವಾ ಬಿ.ಎಡ್., ಟಿಇಟಿ, ಪದವಿ ಕಾಲೇಜಿಗೆ ಎಂ.ಎ. ಮೇಲೆ ಕೆ-ಸೆಟ್ ಅಥವಾ ನೆಟ್. ಇದು ಎಲ್ಲರಿಗೂ ಗೊತ್ತಿರುವ ಹೆದ್ದಾರಿ. ಇದರಲ್ಲಿ ಹೋಗಿಯೂ ಬರವಣಿಗೆಯ ಶಿಕ್ಷಕರಾಗಬಹುದು, ನಿಮ್ಮ ತರಗತಿಯನ್ನು ನೀವೇ ಬದಲಿಸಿಕೊಂಡರೆ. ಹೆಚ್ಚು ಜನಕ್ಕೆ ಗೊತ್ತಿಲ್ಲದ ದಾರಿಗಳೂ ಇವೆ. ವಿಶ್ವವಿದ್ಯಾಲಯ ಅನುದಾನ ಆಯೋಗ 2022ರಲ್ಲಿ ಒಂದು ಮಾರ್ಗಸೂಚಿ ತಂದಿತು. ತಮ್ಮ ಕ್ಷೇತ್ರದಲ್ಲಿ ಕನಿಷ್ಠ 15 ವರ್ಷ ದುಡಿದು ಹೆಸರು ಮಾಡಿದವರನ್ನು, ಪಿಎಚ್‌.ಡಿ. ಇಲ್ಲದಿದ್ದರೂ, ಪ್ರಾಧ್ಯಾಪಕರಾಗಿ ಕರೆಯಬಹುದು. ಆ ಕ್ಷೇತ್ರಗಳಲ್ಲಿ ಸಾಹಿತ್ಯವೂ ಇದೆ, ಮಾಧ್ಯಮವೂ ಇದೆ. ಪತ್ರಿಕೆಯ ಡೆಸ್ಕಿನಲ್ಲಿ ಕೂದಲು ನರೆಸಿಕೊಂಡ ಹಿರಿಯರು ಇದನ್ನು ಗಮನಿಸಬೇಕು. ಇನ್ನೊಬ್ಬರ ವಾಕ್ಯ ತಿದ್ದುವ ಅನುಭವ ಅವರಿಗಿರುವಷ್ಟು ಬೇರೆ ಯಾರಿಗಿದೆ?

ಕೇಂದ್ರ ಸರಕಾರ 2021ರಲ್ಲಿ ಯುವ ಲೇಖಕರಿಗೆಂದು ಪಿಎಂ-ಯುವ ಯೋಜನೆ ತಂದು, 30 ವರ್ಷದೊಳಗಿನ 75 ಜನರನ್ನು ಆರಿಸಿ, ತಿಂಗಳಿಗೆ 50,000 ರೂಪಾಯಿಯಂತೆ 6 ತಿಂಗಳು ಕೊಟ್ಟು ಪುಸ್ತಕ ಬರೆಸಿತು. ನ್ಯಾಷನಲ್ ಬುಕ್ ಟ್ರಸ್ಟ್ ಅದನ್ನು ನಡೆಸಿತು. ಲೇಖಕರಿಗೆ ಹಣ ಸಿಕ್ಕಿದ್ದು ಸಂತೋಷ. ಆದರೆ ಆ ಹುಡುಗರ ಕರಡು ಓದಿ ಹಾದಿ ತೋರುವ ಮಾರ್ಗದರ್ಶಕರೂ ಬೇಕಾಗುತ್ತಾರೆ ಎಂಬುದನ್ನು ನೋಡಿ. ಇಂಥ ಒಂದು ಯೋಜನೆ ಬಂದಾಗಲೆಲ್ಲ ಅದರ ಹಿಂದೆ ನಾಲ್ಕಾರು ಸಂಯೋಜಕರ ಕೆಲಸ ಹುಟ್ಟುತ್ತದೆ. ಕರ್ನಾಟಕ ಸಾಹಿತ್ಯ ಅಕಾಡೆಮಿಯ ಕಮ್ಮಟಗಳು, ಧಾರವಾಡದಲ್ಲೇ ಇರುವ ಬಾಲವಿಕಾಸ ಅಕಾಡೆಮಿ, ಶಾಲೆಗಳ ಜೊತೆ ಕೆಲಸ ಮಾಡುವ ಪ್ರತಿಷ್ಠಾನಗಳು, ಪ್ರಕಾಶನ ಸಂಸ್ಥೆಗಳು, ಎಲ್ಲ ಕಡೆಯೂ ಇಂಥವರು ಬೇಕು.

ನನಗೆ ಇವೆಲ್ಲಕ್ಕಿಂತ ಹೆಚ್ಚು ಆಸೆ ಇರುವುದು ನಮ್ಮ ಗ್ರಾಮ ಪಂಚಾಯತಿ ಗ್ರಂಥಾಲಯಗಳ ಮೇಲೆ. ರಾಜ್ಯದಲ್ಲಿ ಅಂಥವು 5,000ಕ್ಕೂ ಹೆಚ್ಚಿವೆ. ಅವು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದ ಮೇಲೆ, ಶಾಲೆಗಳು ಮುಚ್ಚಿದ್ದ ಕೊರೊನಾ ಕಾಲದಲ್ಲಿ, 2020ರಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಶುರುವಾಯಿತು. ಹಳ್ಳಿಯ ಮಕ್ಕಳು ಉಚಿತವಾಗಿ ಸದಸ್ಯರಾಗಿ ಒಳಗೆ ಬಂದರು. ಈಗ ಅವನ್ನು ಅರಿವು ಕೇಂದ್ರ ಎನ್ನುತ್ತೇವೆ. ಓದುವ ಮಗು ಬಂದಿದೆ, ಜಾಗ ಇದೆ, ಬೆಂಚು ಇದೆ. ಬರೆಸುವವರು ಇಲ್ಲ. ಗಜೇಂದ್ರಗಡ 2018ರಲ್ಲಿ ತಾಲ್ಲೂಕಾಯಿತು. ಈ ಹೊಸ ತಾಲ್ಲೂಕಿಗೆ ಒಬ್ಬರೇ ಒಬ್ಬ ಬರವಣಿಗೆ ಸಂಯೋಜಕರು ಇದ್ದು, ವಾರಕ್ಕೊಂದು ಪಂಚಾಯತಿಯಂತೆ ತಿರುಗಿ, ಅಲ್ಲಿನ ಗ್ರಂಥಾಲಯ ಮೇಲ್ವಿಚಾರಕರಿಗೂ ಹತ್ತಿರದ ಶಾಲೆಯ ಶಿಕ್ಷಕರಿಗೂ ಮಕ್ಕಳಿಂದ ಬರೆಸುವ ವಿದ್ಯೆ ಹೇಳಿಕೊಟ್ಟರೆ ಏನೆಲ್ಲ ಹೊರಬರಬಹುದು! ಇಲ್ಲಿನ ಪಟ್ಟೇದ ಅಂಚಿನ ಸೀರೆಯ ಕಥೆಯನ್ನು ಮಗ್ಗದ ಮನೆಯವರೇ ಬರೆದಾರು. ಕಾಲಕಾಲೇಶ್ವರ ಗುಡಿಯ ಅಂತರಗಂಗೆಯ ಬಗ್ಗೆ, ಗುಡ್ಡದ ಮೇಲೆ ಗಾಳಿಯಂತ್ರಗಳು ಬಂದ ಮೇಲೆ ಕುರಿಗಾಹಿಗಳ ದಾರಿ ಬದಲಾದದ್ದರ ಬಗ್ಗೆ, ಗೋವಾಕ್ಕೆ ದುಡಿಯಲು ಹೋದ ಅಪ್ಪನ ಬಗ್ಗೆ ಬರೆದಾರು. ಈ ಒಂದು ಹುದ್ದೆಯ ಸಂಬಳ ತಾಲ್ಲೂಕು ಪಂಚಾಯತಿಗೆ ಭಾರವಾಗಲಾರದು. ಗದಗಿನಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವೇ ಇದೆ. ತರಬೇತಿಯ ಹೊಣೆಯನ್ನು ಅದು ಹೊತ್ತರೆ ಬೇರೆ ಊರಿನಿಂದ ಯಾರನ್ನೂ ಕರೆಸಬೇಕಾಗಿಲ್ಲ.

ಈ ಕಸುಬಿಗೆ ಬರಬೇಕೆನ್ನುವವರಿಗೆ ಒಂದೆರಡು ಮಾತು. ಮೊದಲು ಬೇರೆಯವರ ಕಚ್ಚಾ ಬರಹ ಓದುವ ಅಭ್ಯಾಸ ಮಾಡಿ. ಅಚ್ಚಾದ ಒಳ್ಳೆಯ ಪುಸ್ತಕ ಓದುವುದು ಸುಖ. ಅಡ್ಡಾದಿಡ್ಡಿ ಬರಹ ಓದಿ ಅದರಲ್ಲಿ ಜೀವಂತ ವಾಕ್ಯ ಎಲ್ಲಿದೆಯೆಂದು ಹುಡುಕುವುದು ಅಭ್ಯಾಸದಿಂದ ಬರುವ ವಿದ್ಯೆ. ಕಾಗುಣಿತದ ತಪ್ಪನ್ನು ಕೊನೆಯ ಕರಡಿನಲ್ಲಿ ತಿದ್ದಿರಿ, ಮೊದಲ ಕರಡಿನಲ್ಲಿ ಬೇಡ. ಟಿಪ್ಪಣಿಯಲ್ಲಿ "ಚೆನ್ನಾಗಿದೆ", "ಇನ್ನೂ ಚೆನ್ನಾಗಿ ಬರೆಯಬಹುದಿತ್ತು" ಎಂದು ಬರೆಯುವುದು ಬಿಡಿ. ಅದರಿಂದ ಯಾರೂ ಏನೂ ಕಲಿಯುವುದಿಲ್ಲ. ಉತ್ತರ ಹೇಳಲೇಬೇಕಾದಂಥ ಒಂದು ಪ್ರಶ್ನೆ ಬರೆಯಿರಿ. ಮೊಬೈಲಿಗೆ ಹೇಳಿದರೆ ಅರ್ಧ ನಿಮಿಷದಲ್ಲಿ 'ನನ್ನ ತಾಯಿ' ಪ್ರಬಂಧ ಬರೆದು ಕೊಡುವ ಯಂತ್ರಗಳು ಬಂದಿವೆಯಲ್ಲ, ಇನ್ನು ಈ ಕೆಲಸ ಉಳಿದೀತೇ ಎಂದು ಕೆಲವರು ಕೇಳುತ್ತಾರೆ. ಗೈಡಿನ ಪ್ರಬಂಧವನ್ನು ಯಂತ್ರ ಬರೆಯಲಿ ಬಿಡಿ. ಕರಿ ಎಳೆ ಬಂದಾಗ ಅವ್ವ ಯಾರನ್ನು ಕರೆಯುತ್ತಾಳೆ ಎಂಬುದು ಯಂತ್ರಕ್ಕೆ ಗೊತ್ತಿರುವುದಿಲ್ಲ. ಅದನ್ನು ಕೇಳಿ ಹೊರತೆಗೆಯಲು ಎದುರಿಗೆ ಒಬ್ಬ ಮನುಷ್ಯ ಕೂಡಬೇಕು.

ಸಂದರ್ಶನಕ್ಕೆ ಹೋಗುವಾಗ ಅಂಕಪಟ್ಟಿಯ ಜೊತೆಗೆ ಒಂದು ಕಡತ ಒಯ್ಯಿರಿ. ನಿಮ್ಮ ಕವಿತೆಗಳ ಕಡತ ಬೇಡ. ನಿಮ್ಮ ಓಣಿಯ ಯಾವುದೋ ಮಗು ಬರೆದ ಒಂದು ಬರಹದ ಮೂರು ಕರಡುಗಳನ್ನು, ಆ ಮಗುವಿನ, ಮನೆಯವರ ಒಪ್ಪಿಗೆ ಪಡೆದು, ಅಂಚಿನಲ್ಲಿ ನೀವು ಬರೆದ ಪ್ರಶ್ನೆಗಳ ಸಮೇತ ಜೋಡಿಸಿಕೊಳ್ಳಿ. ಮೊದಲನೆಯದನ್ನೂ ಮೂರನೆಯದನ್ನೂ ಪಕ್ಕಪಕ್ಕ ಇಟ್ಟು, ನಡುವೆ ನೀವು ಏನು ಕೇಳಿದಿರಿ, ಏಕೆ ಕೇಳಿದಿರಿ, ಯಾವ ಪ್ರಶ್ನೆ ಕೆಲಸ ಮಾಡಲಿಲ್ಲ ಎಂದು ವಿವರಿಸಿ. ಕಡತ ಇನ್ನೂ ಇಲ್ಲದವರು ಈ ಭಾನುವಾರವೇ ಹತ್ತಿರದ ಅರಿವು ಕೇಂದ್ರಕ್ಕೆ ಹೋಗಿ ಮೇಲ್ವಿಚಾರಕರನ್ನು ಒಂದು ತಾಸು ಕೇಳಿ ನೋಡಿ. ಐದಾರು ಮಕ್ಕಳು ಸಿಕ್ಕರೆ ಸಾಕು.